ನೂರಕ್ಕೆ ಒಂದು

“ಅವರು ಹೇಳ್ತಾರವ್ವ. ನಾ ಬಾಜೂಕ ಕುಂತು ಕೇಳ್ತೀನಿ. ಆ ಮೇಡಮ್ಮಗ ಯಾಕ ಕೇಳಸಂಗಿಲ್ಲ?”

ಜಯಮಾಲಾ ಈ ಪ್ರಶ್ನೆ ಹಾಕುತ್ತಿದ್ದದ್ದು ಮೊದಲ ಸಲವೇನಲ್ಲ. ಲುಂಬಿನಿ ಮೇಜಿನ ಕೆಳಗಿಂದ ತಲೆ ಹೊರಗೆ ತೆಗೆದು, ಕೈಗಂಟಿದ ಧೂಳು ಕೊಡವಿಕೊಂಡು, ಕಂಪ್ಯೂಟರಿನ ಪರದೆಯನ್ನೇ ಆಕೆಯ ಕಡೆಗೆ ತಿರುಗಿಸಿದಳು.

“ಇಲ್ಲಿ ನೋಡ್ರಿ ಕಾಕಿ. ಇಲ್ಲಿಂದ ಕಲಬುರಗಿಗಿ ಮಾತಿನ ನೂರು ತುಂಡು ಕಳಿಸಿದ್ರ ತೊಂಬತ್ತೊಂಬತ್ತು ಹೋಗಿ ಮುಟ್ಟಲಿಕತ್ತಾವ. ಒಂದು ತಪ್ಪತದ. ಒಂದು ಎಲ್ಲಾರದೂ ತಪ್ಪತದ್ರಿ.”

ಅಂಕಿ ತೋರಿಸಿದರೆ ಎದುರಿನವರು ಬಾಯಿ ಮುಚ್ಚುತ್ತಾರೆಂಬುದು ಲುಂಬಿನಿಗೆ ಗೊತ್ತಿತ್ತು. ಜಯಮಾಲಾ ಬಾಯಿ ಮುಚ್ಚಿದಳು. ಸೆರಗನ್ನು ಹೆಗಲ ಮೇಲೆ ಎಳೆದುಕೊಂಡು ಹೊರಗಿನ ಬೆಂಚಿಗೆ ಹೋಗಿ ಗಂಡನ ಪಕ್ಕ ಕುಳಿತಳು.

ಚಿತ್ತಾಪುರದ ಈ ಎರಡು ಕೋಣೆಯ ಕೇಂದ್ರದಲ್ಲಿ, ಲಕ್ವಾ ಹೊಡೆದು ಮಾತು ಹೋದವರಿಗೆ ಮತ್ತೆ ಮಾತು ಕಲಿಸುತ್ತಿದ್ದರು. ಕಲಿಸುವ ಪೂನಮ್ ಮೇಡಂ ಇದ್ದದ್ದು ಕಲಬುರಗಿಯಲ್ಲಿ. ಇಲ್ಲಿ ಪರದೆಯ ಮೇಲೆ ಅವರ ಮುಖ ಮಾತ್ರ. ನಡೆಸುವ ಟ್ರಸ್ಟಿನವರಿಗೆ ಸೇಡಂನಲ್ಲೊಂದು, ಚಿಂಚೋಳಿಯಲ್ಲೊಂದು ಇಂಥದೇ ಕೋಣೆಯಿತ್ತು. ಮೂರೂ ಕಡೆಯ ಕಂಪ್ಯೂಟರುಗಳನ್ನು ವಾಡಿಯಿಂದ ಓಡಾಡುತ್ತಿದ್ದ ಲುಂಬಿನಿಯೇ ನೋಡಿಕೊಳ್ಳುತ್ತಿದ್ದಳು. ರೋಗಿಯೊಬ್ಬರಿಗೆ ಹನ್ನೆರಡು ಬುಧವಾರ. ಕೊನೆಯ ಬುಧವಾರ ಮೇಡಂ ಪರೀಕ್ಷೆ ಮಾಡಿ, ಸುಧಾರಣೆ ಕಂಡರೆ ಇನ್ನೂ ಹನ್ನೆರಡು ವಾರ ಕೊಡುತ್ತಿದ್ದರು. ಕಾಣದಿದ್ದರೆ ಆ ಜಾಗ ಮುಂದಿನವರಿಗೆ ಹೋಗುತ್ತಿತ್ತು. ಪಟ್ಟಿಯಲ್ಲಿ ಇಪ್ಪತ್ತಾರು ಹೆಸರಿದ್ದವು. ಇವತ್ತು ಜಟ್ಟೆಪ್ಪನ ಹನ್ನೆರಡನೆಯ ಬುಧವಾರ.

ದಂಡೋತಿಯ ಜಟ್ಟೆಪ್ಪ ಮನೆಗಳ ನೆಲಕ್ಕೆ ಫರಸಿ ಕಲ್ಲು ಹಾಸುವ ಕೆಲಸದವನು. ಕೈಯಷ್ಟೇ ಬಾಯಿಯೂ ಜೋರು. ಅವನು ಕೆಲಸಕ್ಕೆ ನಿಂತ ಮನೆಯಲ್ಲಿ ಯಜಮಾನನಿಗೂ ಮಾತಾಡಲು ಸರದಿ ಸಿಗುತ್ತಿರಲಿಲ್ಲವಂತೆ. ಲಕ್ವಾದಲ್ಲಿ ಬಲಗೈ ಹೋಯಿತು, ಮಾತೂ ಹೋಯಿತು. ಕೈ ಹೋದದ್ದಕ್ಕೆ ಅವನು ಅತ್ತಿರಲಿಲ್ಲ. ತನ್ನ ತೊದಲು ಇನ್ನೊಬ್ಬರ ಕಿವಿಗೆ ಬೀಳುವುದೆಂದರೆ ಮಾತ್ರ ಅವನಿಗೆ ಜೀವ ಹೋದಷ್ಟು ಸಂಕಟ. ಆದ್ದರಿಂದ ಪಾಠದ ಹೊತ್ತಿನಲ್ಲಿ ಹೆಂಡತಿಯನ್ನು ಬಿಟ್ಟು ಯಾರನ್ನೂ ಕೋಣೆಯಲ್ಲಿ ಇರಗೊಡುತ್ತಿರಲಿಲ್ಲ. ಲುಂಬಿನಿ ಕರೆ ಜೋಡಿಸಿಕೊಟ್ಟು ಬಾಗಿಲು ಮುಚ್ಚಿಕೊಂಡು ಹೊರಗೆ ಬರುತ್ತಿದ್ದಳು.

ಬುಟ್ಟಿ, ಚರಗಿಯಂಥ ಮನೆಸಾಮಾನಿನ ಚಿತ್ರ ತೋರಿಸಿ ಮೇಡಂ ಹೆಸರು ಹೇಳಿಸುತ್ತಿದ್ದರು. ಪ್ರತಿವಾರ ಅವರು ಬರೆಯುತ್ತಿದ್ದ ವರದಿ ಒಂದೇ: ‘ಪದದ ಮೊದಲ ಭಾಗ ಬರುತ್ತಿಲ್ಲ. ಸುಧಾರಣೆ ಇಲ್ಲ.’ ಬರುತ್ತದೆ ಎಂದು ಜಯಮಾಲಾ ಹೇಳಿದರೆ, ಮನೆಯವರಿಗೆ ಹಾಗೆ ಅನ್ನಿಸುವುದು ಸಹಜ ಎಂದು ಸಮಾಧಾನ ಮಾಡುತ್ತಿದ್ದರು. ಅದನ್ನು ಎಷ್ಟು ಮೃದುವಾಗಿ ಹೇಳುತ್ತಿದ್ದರೆಂದರೆ ಜಯಮಾಲಾಗೆ ತನ್ನ ಕಿವಿಯ ಮೇಲೇ ಅನುಮಾನ ಬರತೊಡಗಿತ್ತು. ಈಚೆಗೆ ಜಟ್ಟೆಪ್ಪ ಮನೆಯಲ್ಲೂ ಬಾಯಿ ತೆರೆಯುವುದನ್ನು ಬಿಡುತ್ತ ಬಂದಿದ್ದ. ನೀರು ಬೇಕಾದರೆ ಕೊಡದ ಕಡೆ ಕೈ ಮಾಡಿ ತೋರಿಸುತ್ತಿದ್ದ.

ಲುಂಬಿನಿ ತನ್ನಿಂದಾದದ್ದನ್ನೆಲ್ಲ ಮಾಡಿದ್ದಳು ಎಂದೇ ಹೇಳಬೇಕು. ಮಳೆಗಾಲದ ಮೊದಲಲ್ಲಿ ಸಿಡಿಲು ಬಡಿದು ಕಂಪ್ಯೂಟರಿನಲ್ಲಿ ಇಂಟರ್ನೆಟ್ ತಂತಿ ಸಿಕ್ಕಿಸುವ ಜಾಗ ಸುಟ್ಟುಹೋಗಿತ್ತು. ಅವಳು ಬೆರಳುದ್ದದ ಒಂದು ಅಡಾಪ್ಟರ್ ತಂದು ಯುಎಸ್‌ಬಿ ಕಿಂಡಿಗೆ ಹಾಕಿ, ತಂತಿಯನ್ನು ಅದಕ್ಕೆ ಜೋಡಿಸಿದ್ದಳು. ಅದನ್ನು ನಡೆಸುವ ಡ್ರೈವರ್ ತಂತ್ರಾಂಶವನ್ನು ಕಂಪ್ಯೂಟರೇ ಎಲ್ಲಿಂದಲೋ ಹುಡುಕಿ ಹಾಕಿಕೊಂಡಿತು. ನಡೆಯಿತಲ್ಲ, ಸಾಕು ಎಂದು ಬಿಟ್ಟಿದ್ದಳು. ತಂತಿಯಲ್ಲಿ ಹೋಗುವ ಮಾತು, ಚಿತ್ರ ಎಲ್ಲವೂ ಪ್ಯಾಕೆಟ್ ಎಂಬ ಸಣ್ಣ ಸಣ್ಣ ತುಂಡುಗಳಾಗಿ ಹೋಗುತ್ತವೆ. ದೂರು ಬಂದಾಗಲೆಲ್ಲ ಆ ತುಂಡುಗಳನ್ನು ಎಣಿಸಿದಳು. ತಂತಿ ಬದಲಿಸಿದಳು, ಕಿಂಡಿ ಬದಲಿಸಿದಳು. ಲೈನ್ ನೋಡುವ ಬಂದೇನವಾಜ್ ಬಂದು ಕಂಬದವರೆಗೂ ಪರೀಕ್ಷಿಸಿ ಹೋದ. ಕೇಂದ್ರದ ಜವಾನ ಸೂಗಪ್ಪನನ್ನು ಕುರ್ಚಿಯಲ್ಲಿ ಕೂರಿಸಿ ‘ಹಲೋ, ಹಲೋ’ ಅನ್ನಿಸಿದಳು. ಪ್ರತಿ ಹಲೋವೂ ಚೊಕ್ಕವಾಗಿ ಕಲಬುರಗಿ ಮುಟ್ಟಿತು.

ಹನ್ನೊಂದು ಗಂಟೆಗೆ ಕರೆ ಜೋಡಿಸಿದಾಗ ಮೇಡಂ ಕೇಳಿದರು: “ಮಾಲಾ ಅವರು ಬಂದಾರೇನು, ಲುಂಬಿನಿ?”

“ಯಾರ್ರಿ ಮೇಡಂ?”

“ಜಟ್ಟೆಪ್ಪ ಅವರ ಮನಿಯವರು. ಮಾಲಾ.”

ರಿಜಿಸ್ಟರಿನಲ್ಲಿ ಲುಂಬಿನಿಯ ಕೈಬರಹದಲ್ಲೇ ಜಯಮಾಲಾ ಎಂದಿತ್ತು. ಆ ರಿಜಿಸ್ಟರನ್ನು ಮೇಡಂ ನೋಡಿರಲಾರರು. ಲುಂಬಿನಿ ಹೊರಗೆ ಹೋಗಿ ಬೆಂಚಿನ ಮುಂದೆ ನಿಂತಳು.

“ಕಾಕಿ, ನಿಮ್ಮ ಹೆಸರು ಮಾಲಾ ಅಂತ ಮೇಡಂಗ ಯಾರು ಹೇಳ್ಯಾರ?”

ಜಯಮಾಲಾ ಗಂಡನ ಮುಖ ನೋಡಿದಳು. ಎದ್ದು ನಾಲ್ಕು ಹೆಜ್ಜೆ ಆಚೆ ಬಂದು ದನಿ ತಗ್ಗಿಸಿದಳು. “ಇವರಾ ಹೇಳ್ಯಾರ. ಐದನೇ ಬುಧವಾರ. ನಿಮ್ಮ ಮನಿಯವರ ಹೆಸರೇನಂತ ಮೇಡಂ ಕೇಳಿದ್ರು.”

“ಅವರು ಮಾಲಾ ಅಂತ ಅಂದ್ರೇನು?”

“ಇಲ್ಲ. ಜಯಮಾಲಾ ಅಂದ್ರು. ಪೂರಾ ಅಂದ್ರು.”

“ಖರೇನೇ ಪೂರಾ ಅಂದ್ರೇನು? ನೆನಪು ಮಾಡಿಕೋರಿ.”

“ತಂಗಿ, ಲಗ್ನಾಗಿ ಇಪ್ಪತ್ತೆಂಟು ವರ್ಷ ಆತು. ಒಂದು ದಿನಾ ನನ್ನ ಹೆಸರು ಹಿಡದು ಕರದವರಲ್ಲ ಅವರು. ‘ಏ’ ಅಂತಿದ್ರು, ‘ಎಲ್ಲಿದ್ದಿ’ ಅಂತಿದ್ರು. ಅವತ್ತ ಮೊದಲನೇ ಸಲ ಅಂದ್ರು. ಬುಟ್ಟಿ, ಚರಗಿ ನಾ ತಪ್ಪು ಕೇಳಿರಬಹುದು. ಅದೊಂದು ತಪ್ಪು ಕೇಳಂಗಿಲ್ಲ.”

“ಇದನ್ನ ಮೊದಲಾ ಯಾಕ ಹೇಳಲಿಲ್ರಿ?”

ಜಯಮಾಲಾಳ ಮುಖ ಕೆಂಪಾಯಿತು. “ಮಂದಿ ಮುಂದ ಹ್ಯಾಂಗ ಹೇಳಲಿ ಅವ್ವ ಅದನ್ನ.”

ಲುಂಬಿನಿಗೆ ಈಗ ಹೊಳೆಯಿತು. ಜಯಮಾಲಾ ಹೊರಟು ಮಾಲಾ ಮುಟ್ಟಿತ್ತು. ಜಯ ಎಂಬ ಎರಡಕ್ಷರ ದಾರಿಯಲ್ಲಿ ಎಲ್ಲೋ ಬಿದ್ದುಹೋಗಿತ್ತು, ಮತ್ತು ಆ ದಾರಿಯನ್ನು ಹಾಕಿದವಳು ತಾನೇ.

ಒಳಗೆ ಕೂರಲು ಅವಳು ಜಟ್ಟೆಪ್ಪನನ್ನೇ ಕೇಳಿದಳು. ಅವನು ತಲೆ ಆಡಿಸಲಿಲ್ಲ. “ಇರ್ಲಿ ಬಿಡ್ರಿ, ನಮ್ಮ ಹುಡುಗೀನೇ ಅದಾಳ,” ಎಂದು ಜಯಮಾಲಾ ಹೇಳಿದಾಗ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. ಅದನ್ನೇ ಒಪ್ಪಿಗೆ ಎಂದುಕೊಂಡು ಲುಂಬಿನಿ, ಪರದೆಯ ಮೂಲೆಯಲ್ಲಿ ಅಡಾಪ್ಟರಿನ ಲೆಕ್ಕ ತೋರಿಸುವ ಸಣ್ಣ ಕಿಟಕಿ ತೆರೆದಿಟ್ಟು, ಅವನ ಕಣ್ಣಿಗೆ ಬೀಳದಂತೆ ಹಿಂದೆ ಸ್ಟೂಲ್ ಹಾಕಿಕೊಂಡು ಕುಳಿತಳು. ಕಳೆದುಹೋದ ಪ್ಯಾಕೆಟ್ಟುಗಳು: ಸೊನ್ನೆ.

ಮೇಡಂ ಬುಟ್ಟಿಯ ಚಿತ್ರ ಎತ್ತಿ ಹಿಡಿದರು.

ಜಟ್ಟೆಪ್ಪ ಅದನ್ನು ನೋಡಿದ. ಐದು ಸೆಕೆಂಡು, ಹತ್ತು ಸೆಕೆಂಡು ಕಲ್ಲಿನಂತೆ ಕುಳಿತಿದ್ದ. ಆಮೇಲೆ ಇದ್ದಕ್ಕಿದ್ದಂತೆ ಅವನ ಇಡೀ ಮೈ ಮುಂದಕ್ಕೆ ನುಗ್ಗಿತು. ಹೆಗಲು ಎದ್ದಿತು, ಕುತ್ತಿಗೆಯ ನರ ಉಬ್ಬಿತು, ಎಡಗೈ ಮೇಜನ್ನು ಬಡಿಯಿತು. “ಬುಟ್ಟಿ,” ಅಂದ. ಒರಟಾಗಿತ್ತು, ನಿಜ. ಆದರೆ ಅಕ್ಷರ ಅಕ್ಷರವೂ ಇತ್ತು. ಸೊನ್ನೆ ಇದ್ದಲ್ಲಿ ನಲವತ್ತೊಂದು ಬಂದು ನಿಂತಿತು.

“…ಟ್ಟಿ?” ಮೇಡಂ ಪರದೆಯಿಂದ ಕೇಳಿದರು. “ರೊಟ್ಟಿ ಅಂದ್ರೇನ್ರಿ? ರೊಟ್ಟಿ ಅಲ್ರಿ ಇದು. ಮತ್ತೊಮ್ಮೆ ನೋಡ್ರಿ.”

ಜಟ್ಟೆಪ್ಪ ನೋಡಲಿಲ್ಲ. ಎಡಗೈಯನ್ನು ಮಡಿಲಿಗೆ ಎಳೆದುಕೊಂಡು ಕಣ್ಣು ಕೆಳಗೆ ಹಾಕಿದ.

ಲುಂಬಿನಿಗೆ ಅಷ್ಟು ಸಾಕಾಗಿತ್ತು. ಮನುಷ್ಯ ಅಲುಗದೆ ಕೂತಾಗ ಚಿತ್ರ ಬದಲಾಗುವುದಿಲ್ಲ. ಕಳಿಸಬೇಕಾದ ತುಂಡುಗಳು ಕೆಲವೇ. ಅವನು ಒಂದು ಮಾತಿಗಾಗಿ ಇಡೀ ಮೈ ಹಾಕಿದಾಗ ಇಡೀ ಚಿತ್ರ ಒಮ್ಮೆಲೇ ಬದಲಾಗಿ ನೂರಾರು ತುಂಡುಗಳು ಬಂದು ಮುಗಿಬೀಳುತ್ತವೆ. ಕಂಪ್ಯೂಟರ್ ತಾನಾಗಿ ಹಾಕಿಕೊಂಡಿದ್ದ ಡ್ರೈವರಿನಲ್ಲಿ ಅವು ಸರದಿ ಕಾಯುವ ಜಾಗ ತೀರ ಇಕ್ಕಟ್ಟು. ಹಿಡಿಸದ್ದನ್ನು ಅದು ಚೆಲ್ಲಿಬಿಡುತ್ತಿತ್ತು. ಚಿತ್ರದ ಜೊತೆ ದನಿಯೂ ಹೋಗುತ್ತಿತ್ತು. ಅರ್ಧ ಸೆಕೆಂಡಿನ ನಂತರ ನೂಕುನುಗ್ಗಲು ತಗ್ಗಿ ಎಲ್ಲ ಸರಿಯಾಗುತ್ತಿತ್ತು. ಸುಮ್ಮನೆ ಕೂತು ಹಲೋ ಅನ್ನುವ ಸೂಗಪ್ಪನ ಮಾತು ಹಾಗೆ ಕಳೆಯುವುದು ಸಾಧ್ಯವೇ ಇರಲಿಲ್ಲ. ಇಡೀ ದಿನದ ಲೆಕ್ಕದಲ್ಲಿ ಕಳೆದದ್ದು ನೂರಕ್ಕೆ ಒಂದು, ಅಷ್ಟೇ. ಆ ಒಂದೂ ಜಟ್ಟೆಪ್ಪನದೇ ಆಗಿತ್ತು.

“ಮೇಡಂ, ಅರ್ಧ ತಾಸು ಕೊಡ್ರಿ,” ಎಂದಳು. “ಅವರು ಬುಟ್ಟಿ ಅಂತಾನೇ ಅಂದಾರ. ನಾ ಕೇಳೀನಿ.”

ಮೊಬೈಲಿನ ಇಂಟರ್ನೆಟ್ಟಿನಿಂದ ಅಡಾಪ್ಟರ್ ಮಾಡಿದವರದೇ ಡ್ರೈವರ್ ಇಳಿಸಿ ಹಾಕಿದಳು. ಮೊದಲೇ ಮಾಡಬೇಕಾಗಿದ್ದ, ಹತ್ತು ನಿಮಿಷದ ಕೆಲಸ. ತುಂಡುಗಳು ಕಾಯುವ ಜಾಗವನ್ನು ಎಂಟರಿಂದ ಅರವತ್ತನಾಲ್ಕಕ್ಕೆ ಏರಿಸಿದಳು. ಸೂಗಪ್ಪನನ್ನು ಕೂರಿಸಿ, ಅಲುಗಾಡದೆ ಹತ್ತು ಎಣಿಸಿ ಆಮೇಲೆ ಜೋರಾಗಿ ಮುಂದೆ ಬಾಗಿ ‘ಬುಟ್ಟಿ’ ಅನ್ನಬೇಕೆಂದಳು. “ಏನು ಕೆಲಸ ಹಚ್ಚೀರಿ ಅಕ್ಕೋರೆ ನನಗ,” ಎನ್ನುತ್ತಲೇ ಅವನು ಆರು ಸಲ ಮೇಜು ಬಡಿದು ಬುಟ್ಟಿ ಅಂದ. ಆರು ಬುಟ್ಟಿಗಳೂ ಅಖಂಡವಾಗಿ ಹೋದವು. ಸೊನ್ನೆ ಸೊನ್ನೆಯಾಗಿಯೇ ಉಳಿಯಿತು. ಬೇರೆ ದಿನವಾಗಿದ್ದರೆ ಲುಂಬಿನಿ ನಗುತ್ತಿದ್ದಳು.

ಅವಳು ಬೆಂಚಿನ ಹತ್ತಿರ ಹೋಗಿ ಜಟ್ಟೆಪ್ಪನ ಕಾಲ ಬಳಿ ಕುಕ್ಕರುಗಾಲಿನಲ್ಲಿ ಕುಳಿತಳು. ಹೇಳಬೇಕಾದದ್ದನ್ನು ಕೋಣೆಯಿಂದ ಇಲ್ಲಿಯವರೆಗೆ ಮನಸ್ಸಿನಲ್ಲೇ ಜೋಡಿಸಿಕೊಂಡು ಬಂದಿದ್ದಳು. ಅವನ ಮುಖ ಕಂಡೊಡನೆ ಅದೆಲ್ಲ ಮರೆತುಹೋಯಿತು.

“ಕಾಕಾ, ನೀವು ಅಂದದ್ದು ಬರೋಬ್ಬರಿನೇ ಇತ್ತು. ನನ್ನ ಮಷೀನ್ ಅದನ್ನ ಕಳೀತಿತ್ತು. ಕಾಕಿ ಎಷ್ಟು ಸಲ ಹೇಳಿದ್ರೂ ನಾ ನಂಬಲಿಲ್ಲ. ತಪ್ಪು ನಂದು.”

ಜಟ್ಟೆಪ್ಪ ಅವಳನ್ನು ದಿಟ್ಟಿಸಿ ನೋಡಿದ.

“ಹನ್ನೊಂದು ವಾರ ಇವರು ಅಂದದ್ದು?” ಜಯಮಾಲಾ ಕೇಳಿದಳು. “ಅದು ಎಲ್ಲೆರ ಸಿಗ್ತದೇನು?”

“ಇಲ್ರಿ ಕಾಕಿ. ಹೋದದ್ದು ಹೋತು.”

ಜಯಮಾಲಾ ಬಯ್ಯಲಿಲ್ಲ. ಬೈದಿದ್ದರೆ ಲುಂಬಿನಿಗೆ ಹಗುರಾಗುತ್ತಿತ್ತು. ಆಕೆ ಗಂಡನ ಎಡ ತೋಳಿಗೆ ಕೈ ಹಾಕಿ ಎಬ್ಬಿಸಲು ನೋಡಿದಳು. ಅವನು ಏಳಲಿಲ್ಲ. “ಈಗ ಕೇಳಸ್ತದಂತ್ರಿ,” ಎಂದಳು ಅವನ ಕಿವಿಯ ಹತ್ತಿರ ಬಾಗಿ. “ಒಂದು ಸಲ ನೋಡೂಣು ಬರ್ರಿ. ಆಮ್ಯಾಲ ಮನಿಗಿ ಹೋಗೂಣು.” ಬಹಳ ಹೊತ್ತಿನ ನಂತರ ಅವನು ಎದ್ದ. ಬಲಗಾಲನ್ನು ಎಳೆಯುತ್ತ ಒಳಗೆ ಬಂದು, ಬೇಡದವರ ಮನೆಯಲ್ಲಿ ಕೂರುವಂತೆ ಕುರ್ಚಿಯ ತುದಿಯಲ್ಲಿ ಕುಳಿತ.

ನಡೆದದ್ದನ್ನು ಲುಂಬಿನಿ ಅಷ್ಟರಲ್ಲಿ ಮೇಡಂಗೂ ಹೇಳಿದ್ದಳು. ಹನ್ನೊಂದು ಬುಧವಾರ ಅವರು ಇದೇ ಪರದೆಯಿಂದ ‘ಅಲ್ಲ’ ಎಂದಿದ್ದರು, ಮತ್ತು ಪ್ರತಿ ಅಲ್ಲಕ್ಕೂ ಹಾಳೆಯಲ್ಲಿ ಗುರುತು ಹಾಕಿದ್ದರು. ಈಗ ಬುಟ್ಟಿಯ ಚಿತ್ರವನ್ನೇ ಮತ್ತೆ ಎತ್ತಿದರು.

ಜಟ್ಟೆಪ್ಪ ಚಿತ್ರವನ್ನು ನೋಡಲಿಲ್ಲ, ಅದನ್ನು ಹಿಡಿದವರನ್ನು ನೋಡಿದ. ಹತ್ತು ಸೆಕೆಂಡಾಯಿತು. ಇಪ್ಪತ್ತಾಯಿತು. ಯಾರೂ ಅವಸರ ಮಾಡಲಿಲ್ಲ. ಈ ಮನುಷ್ಯ ಇನ್ನು ಬಾಯಿ ತೆರೆಯುವುದಿಲ್ಲವೆಂದು ಲುಂಬಿನಿಗೆ ಖಾತ್ರಿಯಾಗತೊಡಗಿತು. ಆಗ ಅವನ ಹೆಗಲು ಎದ್ದಿತು. ಇಡೀ ಮೈ ಮುಂದಕ್ಕೆ ಬಂದು ಎಡಗೈ ಮೇಜಿನ ಮೇಲೆ ಬಿತ್ತು.

“ಹೇಳಿದ್ದೆ,” ಅಂದ.

ಪರದೆಯ ಮೂಲೆಯ ಸೊನ್ನೆ ಕದಲಲಿಲ್ಲ. ಕಲಬುರಗಿಯಲ್ಲಿ ಪೂನಮ್ ಮೇಡಂ ಚಿತ್ರವನ್ನು ಕೆಳಗಿಳಿಸಿದರು. ಪೆನ್ನು ಹಾಳೆಯ ಮೇಲೆ ಬಂದು ನಿಂತಿತು. ಆ ಮಾತಿಗೆ ಅವರ ಹಾಳೆಯಲ್ಲಿ ಖಾನೆ ಇರಲಿಲ್ಲ.

“ಹೌದ್ರಿ,” ಎಂದರು. “ಹೇಳಿದ್ರಿ.”

ಅವರು ಪೆನ್ನಿಗೆ ಮುಚ್ಚಳ ಹಾಕಿ, ಪರೀಕ್ಷೆಯ ಹಾಳೆಗಳನ್ನು ಬದಿಗೆ ಸರಿಸಿ, ಎಲ್ಲವನ್ನೂ ಮತ್ತೆ ಕೇಳಲು ಮೊದಲ ವಾರದ ಚಿತ್ರಗಳ ಕಟ್ಟನ್ನು ಬಿಚ್ಚತೊಡಗಿದರು. ಜಟ್ಟೆಪ್ಪನ ಎಡಗೈ ಇನ್ನೂ ಮೇಜಿನ ಮೇಲೆಯೇ ಇತ್ತು. ಜಯಮಾಲಾ ಅವನ ತುಟಿಯ ಅಂಚನ್ನು ಸೆರಗಿನಿಂದ ಒರೆಸಿದಳು. ಒರೆಸಿದ ಮೇಲೂ ಆ ಸೆರಗಿನ ತುದಿಯನ್ನು ಬಿಡದೆ ಮುಷ್ಟಿಯಲ್ಲಿ ಹಿಡಿದು ಕುಳಿತಳು.