ಹಣೆ ಹಿಡಿಯುವವರು

"ಇವತ್ತು ಯಾವುದಪ್ಪ, ಮಂಡಿನೋ ಹಲ್ಲೋ?" ಎಂದು ಕೇಳುತ್ತ ಮೋಹನ್‌ಕುಮಾರ್ ಜೀಪಿನ ಹಿಂಬದಿಯಿಂದ ಸೊಂಟಪಟ್ಟಿಯನ್ನು ಎಳೆದು ಹನುಮೇಶನ ಕಡೆಗೆ ಎಸೆದ.

ಹನುಮೇಶ ಅದನ್ನು ಹಿಡಿದುಕೊಂಡ. ಮಂಡಿ ಹೋದ ವಾರವೇ ಆಗಿತ್ತು. ಅದಕ್ಕೂ ಮೊದಲು ಹಲ್ಲು, ಹಲ್ಲಿಗೂ ಮೊದಲು ಜ್ವರ, ಸೊಂಟ, ಒಮ್ಮೆ ಕಿವಿ ಕೂಡ. ಸುಳ್ಳು ಹೇಳುವುದಕ್ಕೆ ಮೈಯಲ್ಲಿ ಇನ್ನು ಯಾವ ಭಾಗವೂ ಉಳಿದಿರಲಿಲ್ಲ. ತಲೆ ಎತ್ತಿ ಗಾಳಿಯಂತ್ರವನ್ನು ನೋಡಿದ, ಕೂಡಲೇ ತಗ್ಗಿಸಿದ. ಮತ್ತೋಡು ಊರಿನ ಆಚೆಯ ಗುಡ್ಡದ ಸಾಲಿನಲ್ಲಿ ಉಳಿದ ಯಂತ್ರಗಳೆಲ್ಲ ತಮ್ಮ ಪಾಡಿಗೆ ತಿರುಗುತ್ತಿದ್ದವು. ಗ್ರೀಸು ತುಂಬಬೇಕೆಂದು ಇದೊಂದನ್ನು ಮಾತ್ರ ನಿಲ್ಲಿಸಿದ್ದರು.

"ಆಫೀಸಿಂದ ಪ್ರದೀಪ್ ಸರ್ ಫೋನ್ ಮಾಡಿದ್ರು ಕಣೋ," ಎಂದ ಮೋಹನ್‌ಕುಮಾರ್, ಈಗ ಸ್ವಲ್ಪ ಮೆತ್ತಗೆ. "ಇವತ್ತು ನೀನು ಹತ್ತಲಿಲ್ಲ ಅಂದ್ರೆ ನಾಳೆಯಿಂದ ಗೇಟ್‌ನಾಗೆ ಕುಂತ್ಕಳಾಕೆ ಹೇಳು ಅಂದ್ರು. ನನ್ ಜೊತೆಗೆ ಬೇರೆಯವ್ನನ್ನ ಹಾಕ್ತಾರಂತೆ."

ಗೇಟಿನ ಕೆಲಸ ಎಂದರೆ ಬಂದ ಗಾಡಿಗೆ ಬಾಗಿಲು ತೆಗೆಯುವುದು, ಹೋದ ಮೇಲೆ ಹಾಕುವುದು. ಹನುಮೇಶ ಐಟಿಐ ಓದಿದ್ದು ಅದಕ್ಕಲ್ಲ. ಅವನಿಗೆ ಈ ಕೆಲಸ ಇಷ್ಟವಾಗಿತ್ತು. ತುದಿ ಮುಟ್ಟಿ ಮೇಲಿನ ಮುಚ್ಚಳ ತೆರೆದಾಗ ಮುಖಕ್ಕೆ ಬಡಿಯುವ ಗಾಳಿ, ದೂರದಲ್ಲಿ ಮಾರಿಕಣಿವೆಯ ಹಿನ್ನೀರು, ಕೆಳಗೆ ಅಪ್ಪ ಮೇಯಿಸುತ್ತಿರುವ ಕುರಿಗಳು. ಅವುಗಳಲ್ಲಿ ತಮ್ಮವು ಯಾವುವೆಂದು ಅಷ್ಟೆತ್ತರದಿಂದ ಗುರುತು ಹಿಡಿಯುವುದು ಅವನ ದಿನನಿತ್ಯದ ಆಟ. ಅದೆಲ್ಲ ಒಂದು ಮಧ್ಯಾಹ್ನ ಕೆಟ್ಟುಹೋಗಿತ್ತು. ಕಂಬದೊಳಗಿನ ಏಣಿಯಲ್ಲಿ ಅರ್ಧ ದಾರಿ ಏರಿದ್ದಾಗ ಕರೆಂಟು ಹೋಯಿತು. ಕತ್ತಲಲ್ಲಿ ಕಂಬ ಗಾಳಿಗೆ ತೂಗಿತು. ತೂಗುವುದೇನೂ ಹೊಸದಲ್ಲ, ಆದರೆ ಅಂದು ಅವನ ಬೆರಳುಗಳು ಏಣಿಯ ಮೆಟ್ಟಿಲನ್ನು ಬಿಡಲೊಲ್ಲೆ ಎಂದವು. ಮೇಲೆ ಮೋಹನ್‌ಕುಮಾರ್ ಏನೂ ಗೊತ್ತಿಲ್ಲದೆ ಹಾಡು ಹೇಳಿಕೊಳ್ಳುತ್ತಿದ್ದ. ಹೇಗೆ ಇಳಿದನೋ ಹನುಮೇಶನಿಗೇ ನೆನಪಿಲ್ಲ. ಕಾಲು ಹಿಡ್ಕಂಡಿತ್ತು ಎಂದು ಹೇಳಿದ. ಸುಳ್ಳುಗಳ ಸಾಲು ಶುರುವಾದದ್ದು ಅಲ್ಲಿಂದ.

ನಿಜ ಹೇಳಬಹುದಿತ್ತು. ಆದರೆ ಮೋಹನ್‌ಕುಮಾರನ ಕಿವಿಗೆ ಬಿದ್ದ ಮಾತು ಜೀಪಿಗಿಂತ ಮೊದಲೇ ಮತ್ತೋಡಿನ ಟೀ ಅಂಗಡಿ ತಲುಪುತ್ತಿತ್ತು. ಬೀಳುವ ಭಯಕ್ಕಿಂತ ಆ ನಗುವಿನ ಭಯ ಹನುಮೇಶನಿಗೆ ಹೆಚ್ಚಾಗಿತ್ತು.

ಅವನಿಗೆ ಫೋನಿನಲ್ಲಿ ಒಂದು ಸೀರಿಯಲ್ಲು ಸಿಕ್ಕಿದ್ದು ಸೊಂಟನೋವಿನ ದಿನ. ನೋವಿಲ್ಲದ ಸೊಂಟವನ್ನು ಚಾಪೆಯ ಮೇಲೆ ಚಾಚಿ, ಮಲಗಲಾಗದೆ, ಏಳಲಾಗದೆ, ಫೋನ್ ತಿಕ್ಕುತ್ತಿದ್ದಾಗ ಕಣ್ಣಿಗೆ ಬಿತ್ತು. ಜಪಾನಿನ ಕಾರ್ಟೂನ್ ಗೊಂಬೆಗಳು, ಆಡುವುದು ಹಿಂದಿ. ಎರಡು ದೇಶಗಳಿಗೆ ಯುದ್ಧ. ಗುಡ್ಡದೆತ್ತರದ ಯಂತ್ರಮನುಷ್ಯರು ಊರೂರನ್ನೇ ತುಳಿದುಕೊಂಡು ಬಡಿದಾಡುತ್ತಾರೆ. ಇನ್ನೇನು ಮುಂದಕ್ಕೆ ಓಡಿಸಬೇಕು, ಅಷ್ಟರಲ್ಲಿ ಒಂದು ಯಂತ್ರದ ಲಿಫ್ಟು ಕೆಟ್ಟಿತು. ಅದನ್ನು ಓಡಿಸಬೇಕಾದ ಸಣಕಲು ಹುಡುಗಿ, ಅದರ ಎದೆಯೊಳಗಿನ ಸೀಟಿಗೆ ಹೋಗಲು, ಕಾಲೊಳಗಿನ ಏಣಿ ಹತ್ತಬೇಕಾಯಿತು. ಉದ್ದನೆಯ ಕಬ್ಬಿಣದ ಏಣಿ. ಹನುಮೇಶ ಎದ್ದು ಕುಳಿತ.

ಹುಡುಗಿ ಏಣಿಗೆ ಕೈ ಹಾಕುವ ಮೊದಲು ವಾಂತಿ ಮಾಡಿದಳು. ಮುಂದಿನ ಯುದ್ಧದಲ್ಲೂ ಮಾಡಿದಳು, ಅದರ ಮುಂದಿನದರಲ್ಲೂ. ಮೆಕ್ಯಾನಿಕ್ ಒಬ್ಬ ಬಕೀಟು ಹಿಡಿದು ನಿಲ್ಲುತ್ತಿದ್ದ. ಇಡೀ ಸೈನ್ಯದಲ್ಲಿ ಯಾರೂ ನಗುತ್ತಿರಲಿಲ್ಲ. ಅವಳ ನಡುಗುವ ಬೆರಳುಗಳನ್ನು ಫೋನಿನ ತುಂಬ ತೋರಿಸುತ್ತಿದ್ದರು. ಹನುಮೇಶ ನೋಡಿದ ಸಿನಿಮಾಗಳಲ್ಲಿ ನಾಯಕನ ಕೈ ಎಂದೂ ನಡುಗಿದ್ದಿಲ್ಲ. ನಡುಗುವುದೇನಿದ್ದರೂ ಕೊನೆಯಲ್ಲಿ, ಖಳನದು. ಇಲ್ಲಿ ನೋಡಿದರೆ ದೇಶ ಉಳಿಸಬೇಕಾದವಳೇ ನಡುಗುತ್ತಿದ್ದಾಳೆ, ಅದನ್ನು ಮುಚ್ಚಿಡಬೇಕೆಂದು ಯಾರಿಗೂ ಅನ್ನಿಸಿಯೇ ಇಲ್ಲ. ಹನುಮೇಶ ಗುಂಡು ಹಾರುವುದನ್ನೆಲ್ಲ ಓಡಿಸಿಬಿಟ್ಟು ಏಣಿಯ ಭಾಗವನ್ನೇ ಮತ್ತೆ ಮತ್ತೆ ಹಾಕಿಕೊಂಡ.

ಅವನ ತಾಯಿ ಬೊಮ್ಮಕ್ಕ ಅವರೆಕಾಯಿ ಸುಲಿಯುತ್ತ ಪಕ್ಕದಲ್ಲಿ ಕುಳಿತು ಇಣುಕಿದಳು. ಹಿಂದಿ ಬರುವುದಿಲ್ಲ, ಯುದ್ಧ ಬೇಕಿಲ್ಲ. ಅವಳ ತಕರಾರು ಒಂದೇ.

"ಅಲ್ಲೋ, ಬಕೀಟು ಹಿಡ್ಕಂಡು ನಿಂತವ್ನಲ್ಲ, ಹಣೆ ಹಿಡಿಯಾಕೆ ಏನು ರೋಗ ಅವನಿಗೆ? ವಾಂತಿ ಮಾಡೋರ್ಗೆ ಹಣೆ ಹಿಡೀಬೇಕು ಅಂತ ಆ ದೇಶದಾಗೆ ಯಾರ್ಗೂ ಗೊತ್ತಿಲ್ವಾ?"

ಹೇಳುವ ಹಕ್ಕು ಅವಳಿಗಿತ್ತು. ಮಕ್ಕಳದಿರಲಿ, ಹಿರಿಯೂರು ಬಸ್ಸಿನಲ್ಲಿ ಗುರುತಿಲ್ಲದವರು ಕಿಟಕಿಗೆ ಬಾಗಿದರೂ ಎದ್ದು ಹೋಗಿ ಹಣೆ ಹಿಡಿದು ಬರುವವಳು ಅವಳು. ಅಂದಿನಿಂದ ದಿನಾ ಸಂಜೆ ವಿಚಾರಣೆ ನಡೆಯುತ್ತಿತ್ತು. "ಇವತ್ತಾದ್ರೂ ಹಣೆ ಹಿಡಿದ್ರಾ?" "ಇಲ್ಲವ್ವ." "ಮಿಷಿನ್ನು ಮಾಡಾಕೆ ಬತ್ತೈತೆ, ಇದು ಬರಲ್ಲ," ಎಂದು ಅವಳು ಒಳಗೆ ಹೋಗುತ್ತಿದ್ದಳು.

"ಲೇ, ಏನಂತೀಯ? ಸರ್‌ಗೆ ಏನು ಹೇಳ್ಲಿ?" ಮೋಹನ್‌ಕುಮಾರ್ ಜೀಪಿನ ಪಕ್ಕ ಕೈಗವಸು ಹಾಕಿಕೊಂಡು ಗ್ರೀಸಿನ ಡಬ್ಬಿ ತೆರೆದು ಬೆರಳಿಂದ ಕಲಕಿ ನೋಡುತ್ತಿದ್ದ.

"ಹತ್ತುತೀನಿ," ಎಂದ ಹನುಮೇಶ. ಬಾಯಿಂದ ಬಂದ ಮಾತಿಗೆ ಅವನಿಗೇ ಆಶ್ಚರ್ಯವಾಯಿತು.

ಪಟ್ಟಿ ಬಿಗಿದುಕೊಂಡ. ಬಿಚ್ಚಿ ಮತ್ತೆ ಬಿಗಿದುಕೊಂಡ. ಹೆಲ್ಮೆಟ್ ಇಟ್ಟು, ತೆಗೆದು, ಮತ್ತೆ ಇಟ್ಟ. ಕಂಬದ ಬುಡದ ಬಾಗಿಲು ತೆರೆದರೆ ಒಳಗಿಂದ ಎಣ್ಣೆಯ ವಾಸನೆಯ ತಣ್ಣನೆ ಗಾಳಿ ಬಂತು. ಏಣಿ ಮೇಲಕ್ಕೆ ಹೋಗಿ ಹೋಗಿ ಕಾಣದಾಗಿತ್ತು. ಪಟ್ಟಿಯ ಕೊಂಡಿ ಸಿಕ್ಕಿಸಿ ಮೆಟ್ಟಿಲಿಗೆ ಕೈ ಹಾಕಿದ. ಬಾಯಲ್ಲಿ ನೀರು ಒಸರಿತು. ಕೊಂಡಿ ಕಿತ್ತು ಹೊರಗೆ ಓಡಿದ. ಹೆಲ್ಮೆಟ್ ಎಲ್ಲೋ ಉರುಳಿತು. ಬೇಲಿಯ ಪಕ್ಕ ಬಗ್ಗಿ ಬೆಳಗಿನ ಚಿತ್ರಾನ್ನವನ್ನೆಲ್ಲ ಕಕ್ಕಿದ.

ಮುಗಿಯಿತು ಅಂದುಕೊಂಡ. ಇನ್ನು ನಗು ಕೇಳಿಸುತ್ತದೆ, ಸಂಜೆಯ ಹೊತ್ತಿಗೆ ಟೀ ಅಂಗಡಿಯವರು ಅಭಿನಯಿಸಿ ತೋರಿಸುತ್ತಾರೆ. ಜಲ್ಲಿಯ ಮೇಲೆ ಹೆಜ್ಜೆ ಸಪ್ಪಳ ಹತ್ತಿರ ಬಂತು. ಎರಡನೆಯ ಸಲ ಅವನು ಮುಂದಕ್ಕೆ ವಾಲಿದಾಗ, ಅಗಲವಾದ ಅಂಗೈಯೊಂದು ಬಂದು ಅವನ ಹಣೆಯನ್ನು ಹಿಡಿಯಿತು. ಇನ್ನೊಂದು ಕೈ ಬೆನ್ನ ಮೇಲಿತ್ತು.

"ತಡೀಬ್ಯಾಡ. ಎಲ್ಲಾ ಹೋಗ್ಲಿ," ಎಂದ ಮೋಹನ್‌ಕುಮಾರ್.

ತಲೆಯ ಭಾರವನ್ನೆಲ್ಲ ಆ ಕೈಯ ಮೇಲೆ ಬಿಟ್ಟ ಹನುಮೇಶ. ಕಣ್ಣಲ್ಲಿ ನೀರು ಬಂದದ್ದು ವಾಂತಿಗೋ ಇನ್ನೊಂದಕ್ಕೋ ಹೇಳಲಾಗದು. ಮೋಹನ್‌ಕುಮಾರ್ ನೀರಿನ ಬಾಟಲಿ ತಂದು ಕೊಟ್ಟ. ಇಬ್ಬರೂ ಕಟ್ಟೆಯ ಮೇಲೆ ಕುಳಿತರು.

"ಯಾವಾಗಿಂದಲೇ ಇದು?"

"ಕರೆಂಟು ಹೋಗಿತ್ತಲ್ಲ, ಅವತ್ತಿಂದ."

"ನಾನು ಮೇಲೆ ಹಾಡು ಹೇಳ್ತಿದ್ನಲ್ಲೋ..." ಮೋಹನ್‌ಕುಮಾರ್ ಅರ್ಧಕ್ಕೇ ನಿಲ್ಲಿಸಿದ. ಕೈಗವಸಿನ ಗ್ರೀಸನ್ನು ಕಲ್ಲಿಗೆ ಒರೆಸಿದ. ಆಮೇಲೆ ಕೇಳಿದ, "ನಿನ್ ಫೋನಾಗಿನ ಆ ಹುಡುಗಿ, ವಾಂತಿ ಆದ್ಮೇಲೆ ಹತ್ತುತಾಳಾ?"

"ಬೊಂಬೆ ನೋಡೋ ವಯಸ್ಸೇನಲೇ ಅಂತ ನಂಗೆ ಬೈತಿದ್ದೆ. ನೀನ್ಯಾವಾಗ ನೋಡ್ದೆ?"

"ನೀನು ಜೀಪ್‌ನಾಗೆ ನಿದ್ದೆ ಹೋಗಿದ್ದೆ. ಫೋನು ಹಂಗೇ ಓಡ್ತಿತ್ತು. ಅವಳು ಬಗ್ಗಿದ್ಲು, ಅಷ್ಟರಾಗೆ ನೀನು ಎದ್ಬಿಟ್ಟೆ."

"ಹತ್ತುತಾಳೆ," ಎಂದ ಹನುಮೇಶ. "ಬಾಯಿ ತೊಳ್ಕಂಡು."

"ಹಂಗಾದ್ರೆ ತೊಳ್ಕ. ಹೋಗಾಣ. ನೀನು ಮುಂದೆ ಹತ್ತು, ನಾನು ಕೆಳಗಿರ್ತೀನಿ."

ಹನುಮೇಶ ಬಾಯಿ ತೊಳೆದು, ಉರುಳಿದ ಹೆಲ್ಮೆಟ್ ಹುಡುಕಿ ಇಟ್ಟುಕೊಂಡ. ಭಯ ಎಲ್ಲಿಗೂ ಹೋಗಿರಲಿಲ್ಲ, ಅವನ ಜೊತೆಗೇ ಹತ್ತಿತು. ಅಂದು ನಿಂತ ಜಾಗಕ್ಕೆ ಬಂದಾಗ ಬೆರಳುಗಳು ಮತ್ತೆ ಕಚ್ಚಿಕೊಂಡವು. ಕೆಳಗೆ, ಏಣಿಯ ನಡುವಿನ ಕಬ್ಬಿಣದ ಅಟ್ಟದಲ್ಲಿ ನಿಂತಿದ್ದ ಮೋಹನ್‌ಕುಮಾರ್ ಈ ಸಲ ಹಾಡಲಿಲ್ಲ. ತನ್ನ ಟಾರ್ಚನ್ನು ಹನುಮೇಶನ ಮುಂದಿನ ಮೆಟ್ಟಿಲಿಗೆ ಹಿಡಿದು ನಿಂತ. ಬಹಳ ಹೊತ್ತಿನ ಮೇಲೆ ಒಂದು ಬೆರಳು ಬಿಟ್ಟಿತು, ಆಮೇಲೆ ಇನ್ನೊಂದು. ಮೇಲೆ ಹೋದ ಮೇಲೂ ಕೈ ನಡುಗುತ್ತಲೇ ಇತ್ತು. ಗ್ರೀಸು ಮಾತ್ರ ಹೋಗಬೇಕಾದಲ್ಲಿಗೇ ಹೋಯಿತು. ಕುರಿಗಳನ್ನು ಹುಡುಕುವ ಧೈರ್ಯ ಇವತ್ತು ಬರಲಿಲ್ಲ.

ಇಳಿದು ಬಂದು ಜೀಪಿನ ಕನ್ನಡಿಯಲ್ಲಿ ನೋಡಿಕೊಂಡರೆ ಹಣೆಗೆ ಅಡ್ಡಲಾಗಿ ಕಪ್ಪನೆಯ ಬೆರಳಿನ ಗುರುತು ಮೂಡಿತ್ತು. ಮೋಹನ್‌ಕುಮಾರ್ ಒರೆಸಿಕೊಳ್ಳಲು ಬಟ್ಟೆ ಕೊಟ್ಟ. ಹನುಮೇಶ ಅದರಲ್ಲಿ ಕೈ ಮಾತ್ರ ಒರೆಸಿಕೊಂಡು ವಾಪಸ್ಸು ಕೊಟ್ಟ.

ಮನೆಗೆ ಬಂದಾಗ ಬೊಮ್ಮಕ್ಕ ಒಲೆಯ ಮುಂದೆ ಬೆನ್ನು ಮಾಡಿ ಕುಳಿತು ಮುದ್ದೆ ತಿರುವುತ್ತಿದ್ದಳು. ಹನುಮೇಶ ನಾಳೆ ಪಕ್ಕದ ಯಂತ್ರ ಹತ್ತಬೇಕು, ನಾಡಿದ್ದು ಅದರ ಪಕ್ಕದ್ದು. ಅವನು ನಿಂತಲ್ಲಿ ನಿಲ್ಲಲಾರದೆ ಅಂಗಳಕ್ಕೂ ಒಳಕ್ಕೂ ಓಡಾಡಿ ಕೊನೆಗೆ ಹೊಸ್ತಿಲ ಮೇಲೆ ಕುಳಿತ.

"ಇವತ್ತೂ ವಾಂತಿ ಮಾಡ್ಕಂಡ್ಲೇನೋ ಆ ಹುಡುಗಿ?" ಬೊಮ್ಮಕ್ಕ ತಿರುಗಿ ನೋಡದೆ ಕೇಳಿದಳು.

"ಮಾಡ್ಕಂಡ್ಲವ್ವ."

"ಹಣೆ ಹಿಡಿದ್ರಾ ಯಾರಾದ್ರೂ?"

ಅವನು ಹಣೆಯನ್ನು ಮುಟ್ಟಿ ನೋಡಿಕೊಂಡ. ಇನ್ನೂ ಜಿಡ್ಡು ಜಿಡ್ಡಾಗಿತ್ತು.

"ಹಿಡಿದ್ರು ಕಣವ್ವ."

"ಈಗ ಬುದ್ಧಿ ಬಂತು ನೋಡು," ಎಂದು ಬೊಮ್ಮಕ್ಕ ಮುದ್ದೆ ಕಟ್ಟಲು ಅಂಗೈಗೆ ನೀರು ಹಚ್ಚಿಕೊಂಡಳು.