ಮಲಗಿದರೆ ಹೋಗುವ ನೋವು

ಕೈಯ ರಕ್ತನಾಳ ತೀರಾ ಸಣ್ಣದೆಂದು ಡಾಕ್ಟರು ಜಯಾನಂದರ ಬಲತೊಡೆಯ ಸಂದಿಯಿಂದ ತಂತಿ ತೂರಿಸಿ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು. ಕಾಲು ಮಡಚದೆ ಅಂಗಾತ ಮಲಗಿರಬೇಕೆಂದು ಹೇಳಿ ವಾರ್ಡಿಗೆ ಕಳಿಸಿದ್ದರು. ಊಟದ ಹೊತ್ತಿಗೆ ಜಯಾನಂದರು, "ಸೊಂಟ ಹಿಡ್ಕೊಂಡಿದೆ ಮಾರಾಯ್ತಿ," ಎಂದರು.

ಹೆಂಡತಿ ಸ್ನೇಹಲತಾಗೆ ಅದು ಹೊಸ ಮಾತಲ್ಲ. ಮಧ್ಯಪ್ರದೇಶದ ಪೀಥಮ್‌ಪುರದ ತಮ್ಮ ಹೋಟೆಲಿನಲ್ಲಿ ದೋಸೆಕಾವಲಿಯ ಮುಂದೆ ನಿಂತು ನಿಂತು ಅವರಿಗೆ ಸೊಂಟನೋವು ಇದ್ದದ್ದೇ.

"ಅದಕ್ಕೂ ಒಂದು ಸ್ಟೆಂಟ್ ಹಾಕಿಸುವ ಬಿಡಿ," ಎಂದರು.

ಚಹಾ ಬರುವಾಗ ಜಯಾನಂದರ ಹಣೆ ಬೆವರಿತ್ತು. ತೊಡೆಯ ಪಟ್ಟಿ ಒಣಗಿಯೇ ಇತ್ತು, ಒಂದು ಹನಿ ರಕ್ತವಿಲ್ಲ. ಮಗಳು ಶ್ರಾವ್ಯಾ ನರ್ಸನ್ನು ಕೇಳಿ ಬಂದಳು.

"ಮಲಗಿ ಮಲಗಿ ಹಾಗಾಗುತ್ತಂತೆ. ಅಮ್ಮ, ಟೆನ್ಷನ್ ಮತ್ ಲೋ, ತಲೆಬಿಸಿ ಬೇಡ."

ಸ್ನೇಹಲತಾ ಕುಳಿತರು. ಮತ್ತೆ ಎದ್ದರು. ಈ ನೋವು ಮಲಗಿದರೆ ಹೋಗುವಂಥದ್ದು. ಇವತ್ತು ಅವರು ಮಲಗಿಯೇ ಇದ್ದಾರೆ. ಮತ್ತೆ ಯಾಕೆ ಹೆಚ್ಚುತ್ತಿದೆ?

ತಾವೇ ಹೋಗಿ ನರ್ಸಿನ ಮುಂದೆ ನಿಂತರು. "ಸಿಸ್ಟರ್, ಯೇ ವೋ ದರ್ದ್ ನಹೀ ಹೈ," ಇದು ಆ ನೋವಲ್ಲ, ಎಂದರು. ಬೇರೆ ಹಿಂದಿ ಹೊಳೆಯಲಿಲ್ಲ. ನರ್ಸ್ ಬೇಸರದಿಂದಲೇ ಬಂದು ಬಿ.ಪಿ. ನೋಡಿದಳು. ಇನ್ನೊಮ್ಮೆ ನೋಡಿ, ಓಡಿದಳು.

ರಕ್ತ ಹೊರಗೆ ಬಂದಿರಲಿಲ್ಲ; ತೂತಾದ ನಾಳದಿಂದ ಹೊಟ್ಟೆಯ ಹಿಂಬದಿಗೆ ಸೋರಿ ಶೇಖರವಾಗುತ್ತಿತ್ತು. ಸ್ಕ್ಯಾನ್ ನೋಡಿದ ಡಾಕ್ಟರು ನೋವು ಯಾವಾಗಿನಿಂದ ಎಂದು ಕೇಳಿದರು.

"ಅಭೀ ಅಭೀ," ಈಗಷ್ಟೇ, ಎಂದಳು ಶ್ರಾವ್ಯಾ.

"ಅಲ್ಲ. ಊಟದ ಹೊತ್ತಿನಿಂದ. ಅವರು ಹೇಳಿದ್ರು, ನಾನೇ ಕೇಳ್ಲಿಲ್ಲ. ಹಾಗೇ ಹೇಳು."

ಶ್ರಾವ್ಯಾ ತಲೆ ತಗ್ಗಿಸಿ ಹಾಗೇ ಹೇಳಿದಳು. ಡಾಕ್ಟರು ಅದನ್ನು ಬರೆದುಕೊಂಡರು. ಬೈದಿದ್ದರೆ ವಾಸಿಯಿತ್ತು.

ತೂತು ಮುಚ್ಚಿದರು, ರಕ್ತ ಕೊಟ್ಟರು. ರಕ್ತ ತೆಳುವಾಗಿಸುವ ಎರಡು ಮಾತ್ರೆಗಳಲ್ಲಿ ಒಂದನ್ನು ನಿಲ್ಲಿಸಿದರು. ಎರಡನ್ನೂ ನಿಲ್ಲಿಸಿದರೆ ಹೊಸ ಸ್ಟೆಂಟ್ ಮುಚ್ಚಿಹೋಗಬಹುದು ಎಂದರು. ಬದುಕುತ್ತಾರೆಂದು ಈಗಲೇ ಹೇಳಲಾಗದು ಎಂದೂ ಹೇಳಿದರು.

ಮರುದಿನ ಐಸಿಯುವಿನಲ್ಲಿ ನರ್ಸ್ ಮಾತ್ರೆ ತಂದಾಗ ಜಯಾನಂದರು ಕಣ್ಣು ತೆರೆದರು.

"ಯಾವುದಕ್ಕೆ ಇದು?"

"ರಕ್ತ ಗಟ್ಟಿಯಾಗದಿರಲಿಕ್ಕೆ," ಎಂದರು ಸ್ನೇಹಲತಾ.

"ಸೋರುವುದು ನಿಲ್ಲಬೇಕಿದ್ದರೆ ಗಟ್ಟಿಯಾಗಬೇಕಲ್ಲ?"

"ಕೆಳಗೆ ಆಗಬೇಕು. ಎದೆಯಲ್ಲಿ ಆಗಬಾರದು."

"ಮಾತ್ರೆಗೆ ಹೇಗೆ ಗೊತ್ತಾಗ್ತದೆ, ಯಾವುದು ಎಲ್ಲಿ ಅಂತ?"

ಅವರು ಮಾತ್ರೆ ನುಂಗಿದ ಮೇಲೆ ಸ್ನೇಹಲತಾ ಹೊದಿಕೆ ಸರಿಸಿ ಹೊಟ್ಟೆ ಮುಟ್ಟಿ ನೋಡಿದರು. ಮೆತ್ತಗಿದೆಯೋ ಬಿಗಿದಿದೆಯೋ, ಕೈಗೆ ತಿಳಿಯಲಿಲ್ಲ.