ಓರೆ ಕೊಯ್ಯುವ ಚಾಕು

"ಇದೇನೇ ಇದು, ಚಾಕುವೋ ಕುಡುಕನೋ? ನೆಟ್ಟಗೆ ಹೋಗು ಅಂದ್ರೆ ಪಕ್ಕಕ್ಕೆ ವಾಲ್ತಾ ಇದೆ," ಎನ್ನುತ್ತ ದೊಡ್ಡತ್ತೆ ಬ್ರೆಡ್ಡಿನ ಮೇಲೆ ಮತ್ತೊಮ್ಮೆ ಚಾಕು ಒತ್ತಿದರು.

ಹೋಳು ಮೇಲೆ ಹೆಬ್ಬೆರಳಿನಷ್ಟು ದಪ್ಪ, ಕೆಳಗೆ ರಟ್ಟಿನಷ್ಟು ತೆಳು. ಅಂಥವೇ ಆಗಲೇ ತಟ್ಟೆಯ ತುಂಬ ಒಂದರ ಮೇಲೊಂದು ಜಾರಿ ಬಿದ್ದಿದ್ದವು. ಹೊರಗಿನ ಕೋಣೆಯಲ್ಲಿ ದೊಡ್ಡತ್ತೆಯ ತಮ್ಮ, ಊರಿಗೆಲ್ಲ ಸಾಣೆಯಜ್ಜ, ಬಿಳಿ ಬಟ್ಟೆ ಹೊದ್ದು ಮಲಗಿದ್ದರು. ಅವರನ್ನು ಎತ್ತುವುದು ಮಧ್ಯಾಹ್ನ. ದೂರದಿಂದ ಬಂದವರ ಹೊಟ್ಟೆಗೆ ಅಷ್ಟರೊಳಗೆ ಏನಾದರೂ ಬೀಳಲಿ ಎಂದು ದೊಡ್ಡತ್ತೆಯೇ ಸೆರಗು ಕಟ್ಟಿ ಅಡುಗೆಮನೆಗೆ ನುಗ್ಗಿದ್ದರು. ಸುಮ್ಮನೆ ಕೂತರೆ ಅಳು ಬರುತ್ತದೆ ಎನ್ನುವುದು ಅವರಿಗೂ ಗೊತ್ತಿತ್ತು.

"ನನ್ನ ತಮ್ಮನ ಕೈಯ ಹದ ಹೋಗಿತ್ತು ಕಣೋ," ಎಂದರು, ಬಾಗಿಲಲ್ಲಿ ನಿಂತಿದ್ದ ತಮ್ಮನ ಮಗನತ್ತ ತಿರುಗಿ. "ಊರಿನ ಚಾಕೆಲ್ಲ ಮಸೆದವನ ಮನೇಲಿ ಇಂಥಾ ಚಾಕು."

"ಹೌದತ್ತೆ. ದಿನಾ ಬೆಳಿಗ್ಗೆ ಅಪ್ಪ ತಾವೇ ಬ್ರೆಡ್ ಕೊಯ್ಕೊಳ್ಳೋರಲ್ಲ, ಹೀಗೇ ಇರ್ತಿತ್ತು. ಇದೇನಪ್ಪಾ ತಿನ್ನೋಕೋ, ಬಾಗಿಲಿಗೆ ಬೆಣೆ ಇಡೋಕೋ ಅಂತ ರೇಗಿಸ್ತಿದ್ದೆ."

"ಅವನೇನಂದ?"

"ತಿಂದು ಉಳಿದ್ರೆ ಬಾಗಿಲಿಗೆ ಇಡೋಣ ಅಂದ್ರು."

ದೊಡ್ಡತ್ತೆ ನಗಲು ಹೋಗಿ ಮೂಗು ಒರೆಸಿಕೊಂಡರು. ಚಾಕುವನ್ನು ಹಿಡಿಯ ಕಡೆಯಿಂದ ಅವನ ಹೆಂಡತಿಗೆ, ಮನೆಯ ಸೊಸೆಗೆ, ಚಾಚಿದರು. "ನೀನಾದ್ರೂ ಕೊಯ್ಯೇ ತಾಯಿ. ನಿಂಗಾದ್ರೆ ಇದರ ಬುದ್ಧಿ ಗೊತ್ತಿರುತ್ತೆ."

"ಚಹಾ ಉಕ್ಕುತ್ತೆ ಅತ್ತೆ," ಎಂದಳು ಸೊಸೆ, ಒಲೆಯ ಕಡೆಯಿಂದ ತಿರುಗದೆ.

ಚಹಾ ಇನ್ನೂ ಬೆಚ್ಚಗೂ ಆಗಿರಲಿಲ್ಲ. ಆದರೆ ಚಾಕು ಹಿಡಿದರೆ ಎಡಗೈಯಲ್ಲಿ ಹಿಡಿಯಬೇಕು. ಮಾವನಿಗೆ ಹಿಡಿಸದ ಕೆಲಸವನ್ನು, ಅವರು ಹೊರಗೆ ಹಾಗೆ ಮಲಗಿರುವಾಗ, ಅವರ ಅಕ್ಕನ ಕಣ್ಣೆದುರೇ ಮಾಡಲು ಅವಳಿಗೆ ಮನಸ್ಸು ಬರಲಿಲ್ಲ.

*

ತವರಿನಲ್ಲಿ ಅವಳ ಹೆಸರೇ ಎಡಚಿ. ಮದುವೆಗೆ ಮುಂಚೆ ಅಮ್ಮ ಹೇಳಿ ಕಳಿಸಿದ್ದು ಒಂದೇ ಮಾತು: "ಹೋದ ಮನೇಲಿ ನಾಲ್ಕು ದಿನ ಆ ಕೈನ ಕಟ್ಟಿಕೊಂಡಿರು."

ನಾಲ್ಕು ದಿನ ಕಟ್ಟಿಕೊಂಡಿದ್ದಳು. ಐದನೆಯ ದಿನ ಮನೆಯಲ್ಲಿ ಯಾರೂ ಇಲ್ಲವೆಂದು ಈರುಳ್ಳಿ ಹೆಚ್ಚುತ್ತ ಕೂತಿದ್ದಾಗ ಮಾವ ನೀರು ಕುಡಿಯಲು ಒಳಗೆ ಬಂದರು. ಲೋಟ ಕೈಯಲ್ಲಿ ಹಿಡಿದು ನಿಂತರು. ಅವಳ ಮುಖ ನೋಡಲಿಲ್ಲ, ಎಡಗೈಯನ್ನೇ ನೋಡಿದರು. ಆಮೇಲೆ ಏನೂ ಹೇಳದೆ ಕೈಯಿಂದ ಚಾಕು ತೆಗೆದುಕೊಂಡು ಹೊರಟುಹೋದರು. ಅರ್ಧ ಹೆಚ್ಚಿದ ಈರುಳ್ಳಿಯ ಮುಂದೆ ಅವಳು ಕೂತೇ ಇದ್ದಳು. ಕಣ್ಣಲ್ಲಿ ನೀರು ಬಂದರೆ ಈರುಳ್ಳಿಯ ಮೇಲೆ ಹಾಕಬಹುದು ಎನ್ನುವುದೊಂದೇ ಸಮಾಧಾನ.

ಸಂಜೆ ಚಾಕು ತನ್ನ ಜಾಗದಲ್ಲಿತ್ತು. ಮಾವ ಆ ಬಗ್ಗೆ ಅಂದೂ ಮಾತಾಡಲಿಲ್ಲ, ಮುಂದೆಯೂ ಮಾತಾಡಲಿಲ್ಲ. ಅಲ್ಲಿಂದಾಚೆಗೆ ಅಡುಗೆಮನೆಯ ಹೊಸ್ತಿಲಿಗೆ ಬರುವ ಮುಂಚೆ ಒಂದು ಸಲ ಜೋರಾಗಿ ಕೆಮ್ಮುತ್ತಿದ್ದರು. ಕೆಮ್ಮು ಕೇಳಿದ ತಕ್ಷಣ ಅವಳು ಚಾಕುವನ್ನು ಬಲಗೈಗೆ ಬದಲಾಯಿಸುತ್ತಿದ್ದಳು. ಬಲಗೈಯಲ್ಲಿ ಕೊಯ್ದರೆ ಸೌತೆಕಾಯಿಯೂ ಸೊಟ್ಟ, ಆಲೂಗಡ್ಡೆಯೂ ಸೊಟ್ಟ. ತನ್ನ ಬಲಗೈಗೆ ಬುದ್ಧಿಯಿಲ್ಲ ಎಂದುಕೊಂಡಳು. ಮಾವ ಆಚೆ ಹೋದಮೇಲೆ ಎಡಗೈಗೆ ತಂದುಕೊಂಡರೆ ಅದೇ ಚಾಕು ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯುತ್ತಿತ್ತು. ತವರಿನ ಯಾವ ಚಾಕುವೂ ಹಾಗೆ ಮಾತು ಕೇಳಿರಲಿಲ್ಲ. ಸಾಣೆ ಹಿಡಿಯುವವರ ಮನೆಯಲ್ಲವೇ, ಹಾಗಿರಲೇಬೇಕು ಎಂದು ಅದನ್ನು ಅಲ್ಲಿಗೇ ಬಿಟ್ಟಿದ್ದಳು.

ಉಳಿದಂತೆ ಮಾವನ ಮೇಲೆ ಹೇಳಲು ಒಂದು ದೂರೂ ಇರಲಿಲ್ಲ. ಅವಳಿಗೆ ಜ್ವರ ಬಂದಾಗ ಗಂಜಿ ಮಾಡಿದವರು ಅವರೇ. ಅವಳು ಹೊಲಿಗೆ ಕಲಿಯುತ್ತೇನೆಂದಾಗ ಎಲ್ಲರಿಗಿಂತ ಮೊದಲು ಹೂಂ ಅಂದವರೂ ಅವರೇ. ಆದರೂ ಆ ಕೆಮ್ಮು ಕೇಳಿದಾಗಲೆಲ್ಲ ಒಳಗೆ ಏನೋ ಚುಚ್ಚುತ್ತಿತ್ತು. ಎಂದಾದರೊಂದು ದಿನ ಕೇಳಿಯೇಬಿಡಬೇಕು ಅಂದುಕೊಂಡಿದ್ದಳು: ಮಾವ, ನನ್ನ ಈ ಕೈ ನಿಮಗೆ ಅಷ್ಟೊಂದು ಬೇಸರವೇ? ಕೇಳುವ ದಿನ ಇನ್ನು ಬರುವಂತಿರಲಿಲ್ಲ.

*

ಚಹಾದ ತಟ್ಟೆ ಹಿಡಿದು ಹೊರಗಿನ ಕೋಣೆಗೆ ಬಂದಾಗ ಕ್ಷೌರದವನಿಗೂ ಮಾಂಸದಂಗಡಿಯವನಿಗೂ ವಾದ ಹತ್ತಿಕೊಂಡಿತ್ತು. ಇಬ್ಬರೂ ಸಾಣೆಯಜ್ಜನ ಹಳೆಯ ಗಿರಾಕಿಗಳು, ಹಳೆಯ ಗೆಳೆಯರು. ಸಾವಿನ ಮನೆಯೆಂದು ದನಿ ತಗ್ಗಿಸಿದ್ದರು, ಮಾತು ತಗ್ಗಿಸಿರಲಿಲ್ಲ.

"ನಯ ಕಲ್ಲಲ್ಲಿ ಉಜ್ಜಿ, ಚರ್ಮದ ಪಟ್ಟಿ ಮೇಲೆ ಎಳೆದ್ರೇನೇ ಅದನ್ನ ಹರಿತ ಅನ್ನೋದು," ಎಂದ ಕ್ಷೌರದವ.

"ಅದು ನಿನ್ನ ಕತ್ತಿಗಯ್ಯ. ನಯ ಮಾಡಿದ ಅಲಗು ನನ್ನಲ್ಲಿ ಮಾಂಸದ ಮೇಲೆ ಜಾರುತ್ತೆ. ನನಗೆ ಒರಟು ಕಲ್ಲೇ ಬೇಕು. ಕಣ್ಣಿಗೆ ಕಾಣದ ಹಲ್ಲು ಉಳೀಬೇಕು ಅಲಗಲ್ಲಿ."

"ನಿಂಗೆ ಗರಗಸ ಕೊಟ್ರೂ ಆಗುತ್ತೆ."

"ನೋಡಪ್ಪಾ, ಇವನು ನಿನ್ನೆದುರೇ ಹೀಗಂತಾನೆ," ಎಂದು ಮಾಂಸದಂಗಡಿಯವ ಮಲಗಿದ್ದವರಿಗೇ ದೂರು ಕೊಟ್ಟ. "ಮಲಗಿರೋ ಇವನು ನಮ್ಮಿಬ್ಬರಿಗೂ ಬೇರೆ ಬೇರೆ ಮಸೆದು ಕೊಡ್ತಿದ್ದ. ಮೊದಲು ಕೊಯ್ದು ತೋರಿಸು ಅನ್ನೋನು. ಹೇಗೆ ಹಿಡೀತೀಯ, ಏನು ಕೊಯ್ತೀಯ ನೋಡದೆ ಕಲ್ಲು ಮುಟ್ಟಿದವನೇ ಅಲ್ಲ."

ಅಷ್ಟರಲ್ಲಿ ದೊಡ್ಡತ್ತೆ ಬ್ರೆಡ್ಡಿನ ತಟ್ಟೆ ತಂದಿಟ್ಟರು. "ಆಡ್ಕೋಬೇಡ್ರಪ್ಪ. ಕೊನೆಕೊನೆಗೆ ನನ್ನ ತಮ್ಮನ ಕೈ ಹೋಗಿತ್ತು. ಮನೆ ಚಾಕು ಹೀಗೆ ಕೊಯ್ಯುತ್ತೆ."

ಕ್ಷೌರದವ ಹೋಳನ್ನು ಕೈಗೆತ್ತಿಕೊಳ್ಳಲೂ ಇಲ್ಲ. "ಕೈ ಹೋಗಿತ್ತಾ? ಅಕ್ಕಾ, ಬೆಳಿಗ್ಗೆ ಇವನ ಮುಖಕ್ಷೌರ ಮಾಡಿದ್ದು ನಾನು. ಕತ್ತಿ ಹೋದ ವಾರ ಇವನೇ ಮಸೆದು ಕೊಟ್ಟಿದ್ದು. ಜ್ವರ ಬಂದಾಗಿನಿಂದ ಬೆಳೆದ ಗಡ್ಡ, ಒಂದು ಎಳೆ ಜಗ್ಗಲಿಲ್ಲ. ಮುಟ್ಟಿ ನೋಡಿ ಬೇಕಾದ್ರೆ."

ದೊಡ್ಡತ್ತೆ ನಿಜಕ್ಕೂ ಬಗ್ಗಿ ತಮ್ಮನ ಕೆನ್ನೆ ಮುಟ್ಟಿದರು. ಕೈಯನ್ನು ಅಲ್ಲೇ ಇಟ್ಟುಕೊಂಡರು.

"ಮತ್ತೆ ಆ ಚಾಕು?" ಎಂದ ಮಗ.

"ತಗೊಂಡು ಬಾ, ನೋಡೋಣ," ಎಂದ ಮಾಂಸದಂಗಡಿಯವ.

ಚಾಕು ಬಂತು. ಅವನು ಕಿಟಕಿಯ ಬೆಳಕಿಗೆ ಹಿಡಿದು, ಅಲಗಿನ ಈ ಮಗ್ಗುಲಿಗೆ ಒಮ್ಮೆ, ಆ ಮಗ್ಗುಲಿಗೆ ಒಮ್ಮೆ ಹೆಬ್ಬೆರಳು ಸವರಿದ.

"ಅಕ್ಕಾ, ನಿಮ್ಮ ತಮ್ಮ ತಪ್ಪಿಲ್ಲ, ನೀವು ತಪ್ಪಿದ್ದು. ಇದರ ಇಳಿಜಾರೆಲ್ಲ ಎಡ ಮಗ್ಗುಲಲ್ಲಿದೆ. ಬಲ ಮಗ್ಗುಲು ಚಪ್ಪಟೆ. ನಾವು ನೀವು ಹಿಡಿದ್ರೆ ಓರೆಯಾಗೇ ಹೋಗೋದು. ಇದು ಎಡಗೈಯವರಿಗೆ ಅಂತಲೇ ಮಸೆದದ್ದು."

"ಈ ಮನೇಲಿ ಎಡಗೈಯವರು ಯಾರಿದ್ದಾರೆ?" ಎಂದರು ದೊಡ್ಡತ್ತೆ.

ಸೊಸೆ ಚಹಾ ಕೊಡುವುದನ್ನು ನಿಲ್ಲಿಸಿದಳು. ಗಂಡ ತಟ್ಟೆ ಈಸಿಕೊಂಡ.

"ನನ್ನ ಅಂಗಡೀಲಿ ಆಗ ಒಬ್ಬ ಎಡಚ ಕೆಲಸಕ್ಕಿದ್ದ," ಎಂದ ಮಾಂಸದಂಗಡಿಯವ, ಅವಳ ಕಡೆ ನೋಡದೆ, ಚಾಕುವಿಗೇ ಹೇಳುವವನಂತೆ. "ಈ ಹುಡುಗನ ಮದುವೆಯಾದ ಹೊಸತು. ಇವನು ಬಂದು ಒಂದು ಮಧ್ಯಾಹ್ನವಿಡೀ ಅವನು ಕೊಯ್ಯೋದನ್ನೇ ನೋಡ್ತಾ ಕೂತ. ಏನಯ್ಯ ಅಂದೆ. ಮನೇಲಿ ಸೊಸೆಗೆ ಬೇಕಾಗಿದೆ, ನಂಗೆ ಎಡದ ಅಲಗು ಮಸೆದು ಅಭ್ಯಾಸ ಇಲ್ಲ ಅಂದ. ಅವಳಿಗೆ ಹೇಳ್ಬಿಡು ಅಂದೆ. ಹೇಳಿದ್ರೆ ಆ ಮಗು ನಾಚ್ಕೊಂಡು ಬಲಗೈ ಹಿಡಿಯುತ್ತೆ, ಆಗ ಇದೇ ಚಾಕು ಅದರ ಬೆರಳು ಕೊಯ್ಯುತ್ತೆ ಅಂದ. ನಾನು ಒಳಗೆ ಹೋಗೋ ಮುಂಚೆ ಕೆಮ್ಮಿ ಹೋಗ್ತೀನಿ, ಅದು ಗಾಬರಿಯಾಗಿ ಕೈ ಕೊಯ್ಕೋಬಾರದು ಅಂತಾನೂ ಅಂದ."

"ಅಪ್ಪ ತಮಗೆ ಅಂತ ಇನ್ನೊಂದು ಚಾಕು ಇಟ್ಕೋಬಹುದಿತ್ತಲ್ಲ," ಎಂದ ಮಗ.

"ಅದನ್ನೂ ಕೇಳ್ದೆ. ಒಂದೇ ಮನೇಲಿ ಎರಡು ಥರದ ಅಲಗು ಇದ್ರೆ ಅವಸರದಲ್ಲಿ ಅದಲು ಬದಲಾಗುತ್ತೆ, ನಾನು ಓರೆ ಬ್ರೆಡ್ ತಿಂದ್ರೆ ನನ್ನ ಹಲ್ಲೇನೂ ಸೊಟ್ಟಗಾಗಲ್ಲ ಅಂದ."

ದೊಡ್ಡತ್ತೆಯೇ ಮೊದಲು ನಕ್ಕರು, ಕಣ್ಣೀರು ಸುರಿಸುತ್ತಲೇ. ಸಾವಿನ ಮನೆಯಲ್ಲಿ ನಗು ಒಬ್ಬರಿಂದೊಬ್ಬರಿಗೆ ಹರಡಿತು. ಸೊಸೆ ಮಾತ್ರ ಗೋಡೆಗೆ ಒರಗಿ, ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. ಆಮೇಲೆ ಮಾವನ ತಲೆಯ ಬಳಿ ಕೂತಳು. ಹೊದಿಕೆ ಸರಿದಿತ್ತು. ಎಲ್ಲರೂ ನೋಡುತ್ತಿದ್ದಂತೆ ಅದನ್ನು ಎಡಗೈಯಿಂದಲೇ ಎಳೆದು ಸರಿಮಾಡಿದಳು.

*

ಸಂಜೆ ಎಲ್ಲ ಮುಗಿಸಿ ಬಂದವರು ಕಾಲು ತೊಳೆದು ಒಬ್ಬೊಬ್ಬರೇ ಹೊರಟರು. ಮಾಂಸದಂಗಡಿಯವ ಚಪ್ಪಲಿ ಮೆಟ್ಟಿಕೊಂಡು ಮತ್ತೆ ಒಳಗೆ ಇಣುಕಿದ.

"ನಾನೂ ಅಷ್ಟಿಷ್ಟು ಮಸೆಯೋದು ಕಲಿತಿದ್ದೀನಮ್ಮ. ಆ ಚಾಕು ಕೊಡು, ಎರಡೂ ಮಗ್ಗುಲು ಸಮ ಮಾಡಿಕೊಡ್ತೀನಿ. ಬಂದು ಹೋಗೋರಿಗೆಲ್ಲ ಅನುಕೂಲ."

"ಕೊಡೇ," ಎಂದರು ದೊಡ್ಡತ್ತೆ. "ಇನ್ನೆರಡು ವಾರ ನಾನೂ ಇಲ್ಲೇ ಇರ್ತೀನಲ್ಲ. ನಂಗೂ ಒಂದಷ್ಟು ಹೆಚ್ಚಿಕೊಡೋಕೆ ಆಗುತ್ತೆ."

"ಬೇಡ ಅತ್ತೆ. ಹೆಚ್ಚೋದು ನಾನೇ ಹೆಚ್ತೀನಿ."

"ಹಾಗಲ್ಲಮ್ಮ, ನಾಳೆ ಮೊಂಡಾದ್ರೆ?" ಎಂದ ಅವನು. "ನಂಗೆ ಎಡ ಬರಲ್ಲ. ಊರಲ್ಲಿ ಯಾರಿಗೂ ಬರಲ್ಲ. ಸಾಣೆ ಮಷೀನಿಗೆ ಕೊಟ್ರೆ ಅಲಗನ್ನೇ ಒಂದೇ ಸಲಕ್ಕೆ ತಿಂದು ಹಾಕುತ್ತೆ."

"ಗೊತ್ತು ಅಣ್ಣ."

ಅವನು ಹೋದಮೇಲೆ ಅವಳು ಬೀದಿಗೆ ಮುಖ ಮಾಡಿದ್ದ, ಮಾವ ಸಾಣೆ ಹಿಡಿಯುತ್ತಿದ್ದ ಕೋಣೆಯ ದೀಪ ಹಾಕಿದಳು. ಗಿರಾಕಿಗಳು ನಿಲ್ಲುವ ಜಾಗದಲ್ಲಿ ನಿಂತು ಒಮ್ಮೆ ನೋಡಿ, ಆಮೇಲೆ ಒಳಗೆ ಹೋಗಿ ಗಿಡ್ಡ ಸ್ಟೂಲಿನ ಮೇಲೆ ಕೂತಳು. ಮುಂದೆ ಮರದ ಚೌಕಟ್ಟಿನಲ್ಲಿ ಎರಡು ಕಲ್ಲುಗಳಿದ್ದವು: ಒರಟಿನದು ಬೂದು, ನಯದ್ದು ಹಳದಿ. ಚಾಕುವಿನ ಅಲಗನ್ನು ಉಗುರಿನ ಮೇಲೆ ಇಟ್ಟು ನೋಡಿದಳು. ಜಾರಲಿಲ್ಲ, ಕಚ್ಚಿಕೊಂಡಿತು. ಹರಿತ ಇನ್ನೂ ಇತ್ತು, ಒರಟು ಕಲ್ಲಿನ ಕೆಲಸ ಬೇಕಿರಲಿಲ್ಲ.

ಹಳದಿ ಕಲ್ಲನ್ನು ಹತ್ತಿರಕ್ಕೆ ಎಳೆದುಕೊಂಡು, ಎಡಗೈಯಲ್ಲಿ ಚಾಕುವಿನ ಹಿಡಿ ಹಿಡಿದು, ಇಳಿಜಾರಿನ ಮಗ್ಗುಲನ್ನು ಕಲ್ಲಿಗೆ ಒರಗಿಸಿದಳು. ಕಲ್ಲಿಗೆ ನೀರು ಹನಿಸಲು ಚಾಕುವನ್ನು ಬಲಗೈಗೆ ಕೊಟ್ಟು ಎಡಗೈ ಚಾಚಿದಾಗ ಬಲ ಮೊಣಕೈ ಅಡ್ಡ ಬಂತು. ನೀರಿನ ಡಬ್ಬಿ ಬಲಪಕ್ಕದಲ್ಲಿತ್ತು. ನಲವತ್ತು ವರ್ಷ ಅಲ್ಲೇ ಕೂತು ನೆಲದ ಮೇಲೆ ತುಕ್ಕಿನ ಒಂದು ಉಂಗುರ ಬರೆದಿತ್ತು. ಅವಳು ಚಾಕು ಕೆಳಗಿಟ್ಟು, ಡಬ್ಬಿಯನ್ನು ನೀರು ತುಳುಕದಂತೆ ಎರಡೂ ಕೈಯಿಂದ ಎತ್ತಿ, ಕಲ್ಲಿನ ಎಡಪಕ್ಕದ ಬರಿ ನೆಲದ ಮೇಲೆ ಇಟ್ಟಳು.